ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು: ಗಣಿಯಿದ್ದೂ ದೇಶ ಬಡವಾಗಿ ಉಳಿಯುವುದೇಕೆ?

ಪ್ರಶ್ನೆ: ನಾನು ಸಂಡೂರು ತಾಲ್ಲೂಕಿನವಳು. ಬಿ.ಎ. ಕೊನೆಯ ವರ್ಷದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಕಾಂಗೋದಲ್ಲಿ ಕೋಬಾಲ್ಟ್, ತಾಮ್ರ, ವಜ್ರ ಎಲ್ಲವೂ ಇದೆ, ಜನ ಮಾತ್ರ ಬಡವರು. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಹೇಳಿಕೊಳ್ಳುವಂಥ ಗಣಿಗಳೇ ಇಲ್ಲ, ಆದರೂ ಶ್ರೀಮಂತ ದೇಶಗಳು. ಪರಕೀಯರು ದೋಚಿದ್ದೇ ಇದಕ್ಕೆ ಕಾರಣ ಎನ್ನುತ್ತಾರೆ ನಮ್ಮ ಮೇಷ್ಟ್ರು. ಅಪ್ಪ, ‘ಬಿಸಿಲ ದೇಶದವರು ಸೋಮಾರಿಗಳು, ಜನಸಂಖ್ಯೆಯೂ ಜಾಸ್ತಿ’ ಅನ್ನುತ್ತಾರೆ. ಗಣಿ ಇರುವುದೇ ಶಾಪ ಅಂತಾಳೆ ಗೆಳತಿ. ಹಾಗಾದರೆ ಬೋಟ್ಸ್ವಾನಾ ವಜ್ರದಿಂದಲೇ ಮೇಲೆ ಬಂತು ಅಂತ ಓದಿದ್ದೇನಲ್ಲ, ಅದು ಹೇಗೆ? ಅದಿರು ಲಾರಿಗಳ ಧೂಳಿನಲ್ಲೇ ಬೆಳೆದ ನಮ್ಮೂರಿಗೆ ಇದರಲ್ಲಿ ಏನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಒಂದು ದೇಶ ಹೇಗೆ ಶ್ರೀಮಂತವಾಗುತ್ತದೆ ಎಂಬುದು ಒಂದು. ನೆಲದಡಿಯ ಸಂಪತ್ತು ನೆಲದ ಮೇಲಿನವರ ಮನೆಗೆ ಏಕೆ ಬರುವುದಿಲ್ಲ ಎಂಬುದು ಇನ್ನೊಂದು. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಎರಡನೆಯದು ಅನಿಸುತ್ತದೆ. ಅದನ್ನೇ ಹಿಡಿದು ಹೊರಡೋಣ, ಮೊದಲನೆಯದಕ್ಕೂ ದಾರಿ ಅಲ್ಲಿಂದಲೇ ಸಿಗುತ್ತದೆ.

ಮೊದಲು ನೀವು ಕೇಳಿಸಿಕೊಂಡ ಕಾರಣಗಳನ್ನು ಒಂದೊಂದಾಗಿ ನೋಡೋಣ. ಬಿಸಿಲೇ ಬಡತನಕ್ಕೆ ಕಾರಣವಾಗಿದ್ದರೆ ಭೂಮಧ್ಯರೇಖೆಯ ಪಕ್ಕದಲ್ಲೇ ಇರುವ ಸಿಂಗಪುರ ಬಡದೇಶವಾಗಿರಬೇಕಿತ್ತು. ಉತ್ತರ ಮತ್ತು ದಕ್ಷಿಣ ಕೊರಿಯಾಗಳಿಗೆ ಒಂದೇ ಹವೆ, ಒಂದೇ ಭಾಷೆ, ಒಂದೇ ಜನ. ಖನಿಜಗಳೂ ಜಪಾನೀಯರ ಕಾಲದ ಭಾರೀ ಕೈಗಾರಿಕೆಗಳೂ ಹೆಚ್ಚಾಗಿ ಇದ್ದದ್ದು ಉತ್ತರದಲ್ಲಿ, ಶ್ರೀಮಂತವಾದದ್ದು ದಕ್ಷಿಣ. ಜನಸಂಖ್ಯೆಯ ಮಾತಿಗೆ ಬಂದರೆ ದಕ್ಷಿಣ ಕೊರಿಯಾದಲ್ಲಿ ಚದರ ಕಿಲೋಮೀಟರಿಗೆ 500ಕ್ಕೂ ಹೆಚ್ಚು ಜನ, ಕಾಂಗೋದಲ್ಲಿ ಅದರ ಹತ್ತನೇ ಒಂದು ಭಾಗದ ಆಸುಪಾಸು. ಸೋಮಾರಿತನದ ಮಾತನ್ನಂತೂ ಬಿಟ್ಟೇಬಿಡಿ. ಕಾಂಗೋದ ಕೊಲ್ವೇಜಿಯಲ್ಲಿ ಹಾರೆ, ಹಗ್ಗ ಹಿಡಿದು ಹತ್ತಾರು ಮೀಟರ್ ಆಳದ ಬಿಲಕ್ಕಿಳಿದು ಕೋಬಾಲ್ಟ್ ಅದಿರು ಹೊತ್ತು ತರುವವರನ್ನು ಸೋಮಾರಿಗಳೆನ್ನುವುದು ಅನ್ಯಾಯ.

ನಿಮ್ಮ ಮೇಷ್ಟ್ರ ಮಾತಿನಲ್ಲಿ ಹುರುಳಿದೆ. 1885ರಿಂದ 1908ರವರೆಗೆ ಕಾಂಗೋ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಖಾಸಗಿ ಸ್ವತ್ತಾಗಿತ್ತು. ರಬ್ಬರಿಗಾಗಿ ಅಲ್ಲಿ ನಡೆದ ಕ್ರೌರ್ಯಕ್ಕೆ ದಾಖಲೆಗಳಿವೆ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಅಷ್ಟು ದೊಡ್ಡ ದೇಶದಲ್ಲಿ ಪದವೀಧರರು ಮೂವತ್ತು ಮಂದಿಯೂ ಇರಲಿಲ್ಲ. ಆದರೆ 1966ರ ಸೆಪ್ಟೆಂಬರ್ 30ರಂದು ಬೋಟ್ಸ್ವಾನಾ ಸ್ವತಂತ್ರವಾದಾಗ ಅಲ್ಲಿದ್ದ ಪದವೀಧರರು 22, ಡಾಂಬರು ರಸ್ತೆ ಸುಮಾರು 12 ಕಿಲೋಮೀಟರ್. ಸಮುದ್ರ ತೀರವಿಲ್ಲ, ದೇಶದ ಬಹುಭಾಗ ಕಲಹರಿ ಮರುಭೂಮಿ, ಸರಕಾರದ ದಿನನಿತ್ಯದ ಖರ್ಚಿನ ಅರ್ಧಕ್ಕೂ ಹೆಚ್ಚು ಬ್ರಿಟಿಷರ ಅನುದಾನ. ಇಷ್ಟು ಕಡಿಮೆಯಿಂದ ಶುರುಮಾಡಿದ ದೇಶ ಮುಂದಿನ ಮೂರು ದಶಕ ತಲಾ ಆದಾಯದ ಬೆಳವಣಿಗೆಯಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿತ್ತು. 1994ರಲ್ಲಿ, ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದ ಮೊದಲ ದೇಶವಾಯಿತು. ಎಂದಮೇಲೆ ದೋಚಿದ ಚರಿತ್ರೆ ದೇಶವನ್ನು ಎಷ್ಟು ಹಿಂದಕ್ಕೆ ತಳ್ಳಿತು ಎಂಬುದನ್ನು ಹೇಳುತ್ತದೆ. ಅಲ್ಲಿಂದ ಮುಂದೆ ಎತ್ತ ಹೋಯಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕು.

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿರಲಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಗಣಿಯಿಂದ ಬರುವ ಹಣ ದುಡಿಮೆಯ ಆದಾಯವಲ್ಲ, ಆಸ್ತಿ ಮಾರಿದ ಹಣ. ಹೊಲದಲ್ಲಿ ಬೆಳೆದ ಜೋಳ ಮಾರಿದರೆ ಬರುವ ವರ್ಷ ಮತ್ತೆ ಜೋಳ ಬರುತ್ತದೆ. ಹೊಲವನ್ನೇ ಮಾರಿದರೆ ಬರುವುದಿಲ್ಲ. ಅದಿರು ತೆಗೆಯುವುದೆಂದರೆ ಪ್ರತಿ ಲಾರಿಗೆ ಹೊಲದ ಒಂದು ಗೇಣು ಮಾರಿದಂತೆ. ಆ ದುಡ್ಡು ಶಾಲೆ, ರಸ್ತೆ, ವಿದ್ಯುತ್, ಉಳಿತಾಯ, ಹೊಸ ಕಸುಬುಗಳಾಗಿ ಮಾರ್ಪಟ್ಟರೆ ಆಸ್ತಿ ರೂಪ ಬದಲಿಸಿ ಉಳಿಯುತ್ತದೆ. ಊಟಕ್ಕೆ, ಮೆರವಣಿಗೆಗೆ, ಯಾರದೋ ವಿದೇಶಿ ಬ್ಯಾಂಕ್ ಖಾತೆಗೆ ಹೋದರೆ ದೇಶ ಗಣಿಯಿದ್ದಷ್ಟು ದಿನ ಶ್ರೀಮಂತವಾಗಿ ಕಂಡು ಆಮೇಲೆ ಮೊದಲಿಗಿಂತ ಬಡವಾಗುತ್ತದೆ. ಪೆಸಿಫಿಕ್ ಸಾಗರದ ಪುಟ್ಟ ನೌರು ದ್ವೀಪಕ್ಕೆ ಆದದ್ದು ಇದೇ. ಫಾಸ್ಫೇಟ್ ಮಾರಿ 1970ರ ದಶಕದಲ್ಲಿ ತಲಾ ಆದಾಯದಲ್ಲಿ ಜಗತ್ತಿನ ತುದಿಯಲ್ಲಿತ್ತು. ಉಳಿಸಿಟ್ಟ ನಿಧಿಯನ್ನು ತಪ್ಪು ಹೂಡಿಕೆಗಳಲ್ಲಿ ಕಳೆದುಕೊಂಡಿತು, ಫಾಸ್ಫೇಟ್ ಬರಿದಾಯಿತು, ಅಗೆದ ನೆಲ ಬಿತ್ತಲಿಕ್ಕೂ ಬಾರದಂತಾಯಿತು.

ಈಗ ಒಂದೇ ಖನಿಜ ಸಿಕ್ಕ ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಬೋಟ್ಸ್ವಾನಾ ಮತ್ತು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್.

ಸಿಯೆರಾ ಲಿಯೋನಿನಲ್ಲಿ ವಜ್ರ ಸಿಕ್ಕಿದ್ದು 1930ರಲ್ಲಿ. ಅಲ್ಲಿನ ಬಹುಪಾಲು ವಜ್ರ ಹೊಳೆಗಳು ಕೊಚ್ಚಿ ತಂದ ಮರಳು, ಗೊಚ್ಚಿನಲ್ಲಿ ಹರಡಿಕೊಂಡಿದೆ. ಸನಿಕೆ, ಜರಡಿ, ಒಂದಿಷ್ಟು ನೀರಿದ್ದರೆ ಯಾರು ಬೇಕಾದರೂ ತೆಗೆಯಬಹುದು. ಸಿಕ್ಕಿದ್ದನ್ನು ಕಿಸೆಯಲ್ಲಿಟ್ಟುಕೊಂಡು ಗಡಿ ದಾಟಬಹುದು. ಬೋಟ್ಸ್ವಾನಾದ ವಜ್ರ ಭೂಮಿಯಾಳದಿಂದ ಮೇಲಕ್ಕೆ ಚಾಚಿದ ಕಿಂಬರ್ಲೈಟ್ ಶಿಲೆಯ ಕೊಳವೆಗಳಲ್ಲಿದೆ. ಅದನ್ನು ತೆಗೆಯಲು ನೂರಾರು ಮೀಟರ್ ಆಳದ ಹೊಂಡ, ಬಂಡೆ ಪುಡಿಮಾಡುವ ಯಂತ್ರ, ಭಾರೀ ಬಂಡವಾಳ ಬೇಕು. ಸುತ್ತ ಬೇಲಿ ಹಾಕಬಹುದು, ಬಾಗಿಲಲ್ಲಿ ಲೆಕ್ಕ ಇಡಬಹುದು. ಬೋಟ್ಸ್ವಾನಾದ ಅದೃಷ್ಟದಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಆ ದೇಶವನ್ನು ಹೊಗಳುವವರು ಇದನ್ನು ಮರೆಯುವುದೇ ಹೆಚ್ಚು.

ಹಾಗಂತ ಎಲ್ಲವೂ ಕಲ್ಲಿನ ಗುಣವೇ ಅಲ್ಲ. 1968ರಲ್ಲಿ ಸಿಯೆರಾ ಲಿಯೋನಿನ ಅಧಿಕಾರಕ್ಕೆ ಬಂದ ಸಿಯಾಕಾ ಸ್ಟೀವೆನ್ಸ್ 1985ರವರೆಗೂ ಆಳಿದರು. ವಜ್ರದ ವ್ಯಾಪಾರ ಅವರ ಆಪ್ತರ ಕೈಗೆ ಜಾರಿತು. 1970ರಲ್ಲಿ 20 ಲಕ್ಷ ಕ್ಯಾರಟ್ ದಾಟಿದ್ದ ಅಧಿಕೃತ ರಫ್ತು 1988ರ ಹೊತ್ತಿಗೆ 48,000 ಕ್ಯಾರಟ್‌ಗೆ ಇಳಿಯಿತು. ವಜ್ರ ಮುಗಿದಿರಲಿಲ್ಲ, ಖಜಾನೆಯ ದಾರಿ ಬಿಟ್ಟು ಕಳ್ಳದಾರಿ ಹಿಡಿದಿತ್ತು. ಖಜಾನೆ ಬರಿದಾದಾಗ ಶಿಕ್ಷಕರಿಗೆ, ಸಿಪಾಯಿಗಳಿಗೆ ಸಂಬಳವಿಲ್ಲ. ಸಂಬಳವಿಲ್ಲದ ಸರಕಾರಕ್ಕೆ ಕಾವಲೂ ಇಲ್ಲ. 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಬಂಡುಕೋರರು ಬಂದೂಕು ಕೊಂಡದ್ದು ಇದೇ ವಜ್ರ ಮಾರಿ.

ಬೋಟ್ಸ್ವಾನಾ ಮಾಡಿದ್ದನ್ನು ಕ್ರಮವಾಗಿ ನೋಡಬೇಕು. ಆ ಕ್ರಮದಲ್ಲೇ ಗುಟ್ಟಿದೆ.

ಒರಾಪಾ ಎಂಬಲ್ಲಿ ವಜ್ರ ಪತ್ತೆಯಾದದ್ದು 1967ರಲ್ಲಿ. ಅದೇ ವರ್ಷ ಗಣಿ ಕಾಯ್ದೆ ತಂದು ನೆಲದಡಿಯ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ರಾಷ್ಟ್ರಕ್ಕೆ ವರ್ಗಾಯಿಸಲಾಯಿತು. ವಜ್ರ ಸಿಕ್ಕಿದ್ದು ಅಧ್ಯಕ್ಷ ಸೆರೆಟ್ಸೆ ಖಾಮಾ ಅವರದೇ ಕುಲವಾದ ಬಾಂಗ್ವಾಟೋಗಳ ನೆಲದಲ್ಲಿ. ‘ನಮ್ಮ ನೆಲ, ನಮ್ಮ ವಜ್ರ’ ಎಂದಿದ್ದರೆ ಉಳಿದ ಕುಲಗಳು ಸುಮ್ಮನಿರುತ್ತಿರಲಿಲ್ಲ. ಖಾಮಾ ತಮ್ಮವರ ಹಕ್ಕನ್ನೇ ಮೊದಲು ಬಿಡಿಸಿದರು. ಎರಡನೆಯದು ಪಾಲಿನ ಮಾತು. ವಜ್ರ ತೆಗೆದು ಮಾರುವ ಡಿ ಬಿಯರ್ಸ್ ಕಂಪನಿಯೊಂದಿಗೆ 1969ರಲ್ಲಿ ಒಪ್ಪಂದವಾದಾಗ ಸರಕಾರದ ಪಾಲು ಶೇ. 15. ಗಣಿ ಎಷ್ಟು ಶ್ರೀಮಂತ ಎಂಬುದು ಗೊತ್ತಾದ ಮೇಲೆ ಮತ್ತೆ ಮಾತಿಗೆ ಕೂತು 1975ರಲ್ಲಿ ಅದನ್ನು ಶೇ. 50ಕ್ಕೆ ಏರಿಸಿಕೊಂಡರು. ಪೂರ್ತಿ ಕಿತ್ತುಕೊಳ್ಳಲಿಲ್ಲ. ವಜ್ರ ತೆಗೆಯುವ, ಮಾರುವ ವಿದ್ಯೆ ತಮಗಿಲ್ಲವೆಂದು ಅವರಿಗೆ ಗೊತ್ತಿತ್ತು. ತೆರಿಗೆ, ರಾಜಧನ (ತೆಗೆದ ಖನಿಜಕ್ಕಾಗಿ ಸರಕಾರಕ್ಕೆ ಕಟ್ಟುವ ಹಣ), ಲಾಭಾಂಶ ಎಲ್ಲ ಸೇರಿ ಲಾಭದ ಪ್ರತಿ ರೂಪಾಯಿಯಲ್ಲಿ ಸುಮಾರು 80 ಪೈಸೆ ಸರಕಾರಕ್ಕೆ ಬರುತ್ತದೆಂಬುದು ಸಾಮಾನ್ಯ ಲೆಕ್ಕ. 1982ರಲ್ಲಿ ಶುರುವಾದ ಜ್ವಾನೆಂಗ್ ಮೌಲ್ಯದಲ್ಲಿ ಜಗತ್ತಿನ ಅತಿ ಶ್ರೀಮಂತ ವಜ್ರದ ಗಣಿ ಎನಿಸಿತು.

ಮೂರನೆಯದು ಖರ್ಚಿನ ಕಟ್ಟುಪಾಡು. ಖನಿಜದ ಹಣದಿಂದ ಸಂಬಳ, ಸಾರಿಗೆಯಂಥ ನಿತ್ಯದ ಖರ್ಚು ನಡೆಸಬಾರದು, ಅದು ರಸ್ತೆ, ನೀರು, ಶಾಲೆ, ಆಸ್ಪತ್ರೆ ಇಲ್ಲವೇ ಉಳಿತಾಯಕ್ಕೇ ಹೋಗಬೇಕು ಎಂಬ ನಿಯಮ ಮಾಡಿಕೊಂಡರು. ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ದುಡ್ಡಿಲ್ಲ. 1994ರಲ್ಲಿ ಮುಂದಿನ ಪೀಳಿಗೆಗೆಂದು ಪುಲಾ ನಿಧಿ ತೆರೆದರು. ಪುಲಾ ಎಂದರೆ ಅವರ ಭಾಷೆಯಲ್ಲಿ ಮಳೆ, ಅವರ ನಾಣ್ಯದ ಹೆಸರೂ ಅದೇ. ಮಳೆಗಾಗಿ ಮುಗಿಲು ನೋಡುವ ನಮ್ಮ ಬಯಲುಸೀಮೆಯವರಿಗೆ ಆ ಹೆಸರಿನ ತೂಕ ವಿವರಿಸಬೇಕಿಲ್ಲ.

ಈ ಕಟ್ಟುಪಾಡನ್ನು ಅಲ್ಲಿ ಪಾಲಿಸಿದರು, ಬೇರೆಡೆ ಏಕೆ ಪಾಲಿಸಲಿಲ್ಲ? ಒಂದು ಕಾರಣ ‘ಕ್ಗೋಟ್ಲಾ’. ನಮ್ಮ ಹಳ್ಳಿಕಟ್ಟೆಯಂಥ ಊರಸಭೆ ಅದು. ಮುಖಂಡನೆದುರೇ ಸಾಮಾನ್ಯನು ಅವನನ್ನು ಟೀಕಿಸಬಹುದು. ಜನರಿಂದಲೇ ಮುಖಂಡ ಮುಖಂಡನಾಗುತ್ತಾನೆ ಎಂಬ ಗಾದೆ ಅವರಲ್ಲಿದೆ. ಇನ್ನೊಂದು, 1895ರಲ್ಲಿ ಅಲ್ಲಿನ ಮೂವರು ದೊರೆಗಳು ಲಂಡನ್ನಿಗೆ ಹೋಗಿ, ತಮ್ಮ ನಾಡು ಬ್ರಿಟಿಷ್ ಗಣಿ ಉದ್ಯಮಿ ಸೆಸಿಲ್ ರೋಡ್ಸ್‌ನ ಕಂಪನಿಯ ಪಾಲಾಗದಂತೆ ತಡೆದರು. ವಜ್ರದ ಸುಳಿವಿಲ್ಲದ ಆ ಒಣನೆಲದಲ್ಲಿ ಬ್ರಿಟಿಷರು ಆಮೇಲೂ ಹೆಚ್ಚು ಕೈಯಾಡಿಸಲಿಲ್ಲ, ಹಳೆಯ ಸಭೆಗಳು ಉಳಿದುಕೊಂಡವು. ಮೂರನೆಯದಾಗಿ, ಅಧಿಕಾರಕ್ಕೆ ಬಂದವರು ಬಹುಪಾಲು ದನದ ಹಿಂಡುಗಳ ಒಡೆಯರು. ರಸ್ತೆ, ಪಶುವೈದ್ಯ, ಮಾಂಸದ ರಫ್ತು, ಆಸ್ತಿಯ ರಕ್ಷಣೆ ಇವೆಲ್ಲ ಅವರಿಗೂ ಬೇಕಿದ್ದವು. ಆಳುವವರ ಸ್ವಂತ ಲಾಭವೂ ದೇಶದ ಲಾಭವೂ ಒಂದೇ ದಿಕ್ಕಿಗೆ ಇದ್ದಾಗ ನಿಯಮ ಪಾಲಿಸುವುದು ಸುಲಭ.

ಕಳ್ಳತನವಿಲ್ಲದೆಯೂ ಗಣಿ ದೇಶವನ್ನು ಕೆಡಿಸುವ ಎರಡು ಬಗೆಗಳಿವೆ. ನಿಮ್ಮ ಪರೀಕ್ಷೆಗೂ ಬರುವ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದಕ್ಕೆ ‘ಡಚ್ ಕಾಯಿಲೆ’ ಎಂದು ಹೆಸರು. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 1959ರಲ್ಲಿ ಅನಿಲ ಸಿಕ್ಕ ಮೇಲೆ ಅಲ್ಲಿನ ಕಾರ್ಖಾನೆಗಳು ಸೊರಗಿದ್ದನ್ನು ನೋಡಿ 1977ರಲ್ಲಿ ಇಟ್ಟ ಹೆಸರಿದು. ಒಂದು ಕಲ್ಪಿತ ಲೆಕ್ಕ ಹಾಕಿ. ರೈತನೊಬ್ಬ ಹತ್ತಿಯ ಒಂದು ಮೂಟೆಯನ್ನು ಹೊರದೇಶಕ್ಕೆ 100 ಡಾಲರಿಗೆ ಮಾರುತ್ತಾನೆ. ಡಾಲರಿಗೆ ಅವನ ದೇಶದ 10 ನಾಣ್ಯ, ಕೈಗೆ 1,000. ಖರ್ಚು 800, ಉಳಿಕೆ 200. ಅಷ್ಟರಲ್ಲಿ ಎಣ್ಣೆ ಸಿಗುತ್ತದೆ, ದೇಶದೊಳಕ್ಕೆ ಡಾಲರ್ ಹೊಳೆಯಾಗಿ ಹರಿಯುತ್ತದೆ, ಡಾಲರಿನ ಬೆಲೆ 7 ನಾಣ್ಯಕ್ಕೆ ಇಳಿಯುತ್ತದೆ. ಅದೇ ಮೂಟೆಗೆ ಈಗ 700. ಎಣ್ಣೆ ಬಾವಿಗಳು ಕೂಲಿಯನ್ನೂ ಏರಿಸಿರುವುದರಿಂದ ಖರ್ಚು 900. ರೈತನ ತಪ್ಪೇನೂ ಇಲ್ಲದೆ 200ರ ಲಾಭ 200ರ ನಷ್ಟವಾಯಿತು. ಅವನು ಹೊಲ ಬಿಟ್ಟು ಪಟ್ಟಣ ಸೇರುತ್ತಾನೆ. ನೈಜೀರಿಯಾದ ಕಾನೋ ನಗರದಲ್ಲಿ ರಫ್ತಿಗಾಗಿ ಗುಡ್ಡದಂತೆ ಪೇರಿಸಿಡುತ್ತಿದ್ದ ಕಡಲೆಕಾಯಿ ಮೂಟೆಗಳ ಪಿರಮಿಡ್ಡುಗಳು ಎಣ್ಣೆಯ ಕಾಲದಲ್ಲಿ ಮಾಯವಾದವು. ಬರಗಾಲ, ಬೆಳೆರೋಗವೂ ಅದಕ್ಕೆ ಸೇರಿಕೊಂಡವು ಎಂಬುದು ನಿಜ. ಆದರೆ ದುಬಾರಿಯಾದ ನಾಣ್ಯ ಮತ್ತೆ ಚೇತರಿಸಿಕೊಳ್ಳಲು ಬಿಡಲಿಲ್ಲ.

ಎರಡನೆಯದು ಬೆಲೆಯ ಏರಿಳಿತ. ಬೋಟ್ಸ್ವಾನಾದ ನೆರೆಯ ಜಾಂಬಿಯಾ 1964ರಲ್ಲಿ ಸ್ವತಂತ್ರವಾದಾಗ ಅದಕ್ಕಿಂತ ಎಷ್ಟೋ ಅನುಕೂಲಸ್ಥ ದೇಶ. ರಫ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಾಮ್ರ. ಒಳ್ಳೆಯ ಬೆಲೆಯಿದ್ದಾಗ ಖರ್ಚು ಹಬ್ಬಿಸಿತು. 1975ರಲ್ಲಿ ತಾಮ್ರದ ಬೆಲೆ ಕುಸಿದಾಗ ಖರ್ಚು ಇಳಿಸದೆ ‘ಇನ್ನೇನು ಏರುತ್ತದೆ’ ಎಂದು ಸಾಲ ಮಾಡಿತು. ಬೆಲೆ ಏರಲಿಲ್ಲ, ಸಾಲ ಏರಿತು. ಬೋಟ್ಸ್ವಾನಾಕ್ಕೂ 1981-82ರಲ್ಲಿ ಅಂಥದೇ ಏಟು ಬಿತ್ತು, ವಜ್ರ ಕೊಳ್ಳುವವರೇ ಇಲ್ಲವಾದರು. ಅದರ ಕೈಯಲ್ಲಿ ಉಳಿತಾಯವಿತ್ತು. ಖರ್ಚು ಹಿಡಿದು, ನಾಣ್ಯದ ಬೆಲೆ ತಗ್ಗಿಸಿ, ವಜ್ರವನ್ನು ದಾಸ್ತಾನಿಟ್ಟು ಕಾದಿತು. ಬೆಲೆ ಬಂದಾಗ ಮಾರಿತು. ಬಡ್ಡಿಗೆ ದುಡ್ಡು ತಂದವನು ಸುಗ್ಗಿಯಲ್ಲೇ ಜೋಳ ಮಾರಬೇಕು, ಕಣಜವಿದ್ದವನು ಕಾಯಬಲ್ಲ.

ಹಾಗಾದರೆ ಖನಿಜ ಸಿಕ್ಕ ದೇಶದ ಮುಂದೆ ಯಾವ ದಾರಿಗಳಿವೆ? ಉಳಿತಾಯದ ದಾರಿ ನಾರ್ವೆಯದು. 1969ರಲ್ಲಿ ಎಣ್ಣೆ ಸಿಕ್ಕರೂ 1990ರಲ್ಲಿ ಕಾನೂನು ಮಾಡಿ, 1996ರಿಂದ ನಿಧಿಗೆ ಹಣ ಹಾಕತೊಡಗಿತು. ಹಣವನ್ನು ಹೊರದೇಶಗಳಲ್ಲೇ ಹೂಡುವುದರಿಂದ ಡಚ್ ಕಾಯಿಲೆಯೂ ತಗ್ಗುತ್ತದೆ. ವರ್ಷಕ್ಕೆ ನಿಧಿಯ ಸುಮಾರು ಶೇ. 3ಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಈಗಿನ ನಿಯಮ, 2017ರವರೆಗೆ ಶೇ. 4 ಇತ್ತು. ಲೆಕ್ಕ ಹೀಗೆ: ವರ್ಷಕ್ಕೆ 1,000 ಕೋಟಿ ಕೊಡುವ ಗಣಿಯಿಂದ ಅರ್ಧದಷ್ಟು, ಅಂದರೆ 500 ಕೋಟಿಯನ್ನು, ಬೆಲೆಯೇರಿಕೆ ಕಳೆದು ಶೇ. 4 ಪ್ರತಿಫಲದಂತೆ 25 ವರ್ಷ ಕೂಡಿಟ್ಟರೆ ಸುಮಾರು 20,800 ಕೋಟಿಯಾಗುತ್ತದೆ. ಗಣಿ ಮುಚ್ಚಿದ ಮೇಲೂ ಶೇ. 3ರಂತೆ ವರ್ಷಕ್ಕೆ 620 ಕೋಟಿಗೂ ಹೆಚ್ಚು ಬರುತ್ತಲೇ ಇರುತ್ತದೆ. ಅಪಾಯ ಎರಡು. ಬಡದೇಶದಲ್ಲಿ ಮಕ್ಕಳಿಗೆ ಶಾಲೆಯಿಲ್ಲದಿರುವಾಗ ಹೊರದೇಶದ ಷೇರು ಕೊಳ್ಳುವುದನ್ನು ಜನಕ್ಕೆ ಒಪ್ಪಿಸುವುದು ಕಷ್ಟ, ನ್ಯಾಯವೂ ಪೂರ್ತಿಯಲ್ಲ. ಮತ್ತು ಬೀಗದ ಕೈ ಒಬ್ಬನಲ್ಲಿದ್ದರೆ ನಿಧಿಯೇ ಕಳ್ಳತನಕ್ಕೆ ಅನುಕೂಲ.

ಎಣ್ಣೆಯ ಹಣದ ಪಾಲನ್ನು ಜನರ ಕೈಗೇ ಕೊಡುವುದು ಅಮೆರಿಕದ ಅಲಾಸ್ಕಾ ರಾಜ್ಯದ ದಾರಿ, 1982ರಿಂದ ನಡೆದಿದೆ. ಪಾಲು ಕಾಣುವುದರಿಂದ ಜನ ಲೆಕ್ಕ ಕೇಳುತ್ತಾರೆ. ಆದರೆ ಚುನಾವಣೆ ಬಂದಾಗಲೆಲ್ಲ ಹೆಚ್ಚು ಕೊಡುತ್ತೇವೆಂಬ ಪೈಪೋಟಿ ಶುರುವಾಗುತ್ತದೆ.

ಅದಿರನ್ನು ಇಲ್ಲೇ ಸಂಸ್ಕರಿಸಿ ಮಾರಬೇಕೆಂಬ ದಾರಿ ಎಲ್ಲರಿಗೂ ಇಷ್ಟ. ಇಂಡೊನೇಷ್ಯಾ 2020ರ ಜನವರಿಯಿಂದ ನಿಕ್ಕೆಲ್ ಅದಿರಿನ ರಫ್ತು ನಿಲ್ಲಿಸಿತು, ಕುಲುಮೆಗಳು ಬಂದವು. ಬಹುಪಾಲು ಚೀನಿಯರವು, ಕಲ್ಲಿದ್ದಲು ಉರಿಸುವಂಥವು, ಗಾಳಿ ನೀರು ಕೆಟ್ಟವು ಎಂಬ ದೂರೂ ಇದೆ. ಜಗತ್ತಿನ ನಿಕ್ಕೆಲ್‌ನಲ್ಲಿ ದೊಡ್ಡ ಪಾಲು ತನ್ನ ಕೈಯಲ್ಲಿದ್ದುದರಿಂದ ಅದಕ್ಕೆ ಸಾಧ್ಯವಾಯಿತು. ಬೋಟ್ಸ್ವಾನಾ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳನ್ನು ತಂದಿದೆ. ಆದರೆ ಸೂರತ್‌ನ ಕುಶಲಿಗಳ ಕೈವೇಗ ಮತ್ತು ಕೂಲಿಯ ಎದುರು ನಿಲ್ಲುವುದು ಅದಕ್ಕೆ ಕಷ್ಟವಾಗಿದೆ.

ಬೋಟ್ಸ್ವಾನಾದ ಮಿತಿಯೂ ಇಲ್ಲೇ ಇದೆ, ಅದನ್ನು ಮುಚ್ಚಿಡಬಾರದು. ಹಣವನ್ನು ಕಳ್ಳತನದಿಂದ ಕಾಪಾಡಿತು, ಶಾಲೆ ರಸ್ತೆ ಕಟ್ಟಿತು. ಏಡ್ಸ್ ಬಂದು ಸರಾಸರಿ ಆಯುಷ್ಯ ಐವತ್ತರ ಕೆಳಗಿಳಿದಾಗ 2002ರಿಂದ ಸರಕಾರವೇ ಉಚಿತ ಔಷಧಿ ಕೊಡುವಷ್ಟು ಶಕ್ತಿ ಅದಕ್ಕಿತ್ತು. ಆದರೆ ವಜ್ರದ ಪಕ್ಕದಲ್ಲಿ ಎರಡನೆಯ ಕಸುಬು ಬೆಳೆಯಲಿಲ್ಲ. ರಫ್ತಿನ ಬಹುಪಾಲು ಇಂದಿಗೂ ವಜ್ರವೇ. ನಿರುದ್ಯೋಗ ಶೇ. 20 ದಾಟಿದೆ, ಉಳ್ಳವರಿಗೂ ಇಲ್ಲದವರಿಗೂ ಅಂತರ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಅದೂ ಒಂದು. ಪ್ರಯೋಗಾಲಯದ ವಜ್ರ ಅಗ್ಗವಾಗಿ ಸಿಗತೊಡಗಿದ ಮೇಲೆ 2024ರಲ್ಲಿ ಆರ್ಥಿಕತೆಯೇ ಕುಗ್ಗಿತು. ಆ ವರ್ಷದ ಚುನಾವಣೆಯಲ್ಲಿ 58 ವರ್ಷ ಆಳಿದ ಪಕ್ಷ ಸೋತು, ಶಾಂತವಾಗಿ ಅಧಿಕಾರ ಬಿಟ್ಟುಕೊಟ್ಟಿತು. ಆ ಶಾಂತ ಹಸ್ತಾಂತರ ಆ ದೇಶದ ನಿಜವಾದ ಆಸ್ತಿಯೆಂದು ನನ್ನ ಅಭಿಪ್ರಾಯ.

ಬೋಟ್ಸ್ವಾನಾ ಮಾಡದೆ ಬಿಟ್ಟ ಈ ಉಳಿದರ್ಧವನ್ನು, ಅಂದರೆ ಹೊಸ ಕಸುಬು ಬೆಳೆಸುವುದನ್ನು, ಮಾಡಿದ್ದು ದಕ್ಷಿಣ ಕೊರಿಯಾ. 1950ರ ಭೂಸುಧಾರಣೆ ಜಮೀನ್ದಾರಿಗೆ ಸುಮಾರು ಮೂರು ಹೆಕ್ಟೇರಿನ ಮಿತಿ ಹಾಕಿ, ಉಳಿದದ್ದನ್ನು ಉಳುವವರಿಗೆ ಕೊಟ್ಟಿತು. ಅವರ ಮಕ್ಕಳು ಶಾಲೆಗೆ ಹೋದರು. 1964ರಲ್ಲಿ 10 ಕೋಟಿ ಡಾಲರಿದ್ದ ರಫ್ತು 1977ರಲ್ಲಿ 1,000 ಕೋಟಿ ಡಾಲರ್ ಮುಟ್ಟಿತು. ಸರಕಾರ ಕಂಪನಿಗಳಿಗೆ ಅಗ್ಗದ ಸಾಲ ಕೊಟ್ಟಿತು, ಆದರೆ ಹೊರದೇಶದಲ್ಲಿ ಮಾರಿ ತೋರಿಸಬೇಕೆಂಬ ಕರಾರಿನ ಮೇಲೆ. ತನ್ನಲ್ಲಿ ಸಾಕಷ್ಟು ಅದಿರಿಲ್ಲದಿದ್ದರೂ 1973ರಲ್ಲಿ ಪೊಹಾಂಗ್‌ನಲ್ಲಿ ಉಕ್ಕು ಕಾಯಿಸಿತು. ಭಾರತದ ಅದಿರೂ ಹಡಗೇರಿ ಅಲ್ಲಿಗೆ ಹೋಗಿದೆ. ಇದಕ್ಕೆ ತೆತ್ತ ಬೆಲೆಯೂ ಇದೆ: ಸರ್ವಾಧಿಕಾರ, ದೀರ್ಘ ದುಡಿಮೆ, ಹತ್ತಿಕ್ಕಿದ ಕಾರ್ಮಿಕ ಸಂಘಗಳು. ಕೊರಿಯಾ ಬೆಳೆದದ್ದು ಸರ್ವಾಧಿಕಾರದಿಂದ ಎಂದು ವಾದಿಸುವವರಿಗೆ ಸರ್ವಾಧಿಕಾರಿ ಮೊಬುಟು 1965ರಿಂದ 1997ರವರೆಗೆ ಆಳಿದ ಕಾಂಗೋವನ್ನು ತೋರಿಸಿ. ಅಲ್ಲಿನ ಸರಕಾರಿ ಗಣಿ ಕಂಪನಿಯ ತಾಮ್ರದ ಉತ್ಪಾದನೆ 1980ರ ದಶಕದ ನಡುವಿನಲ್ಲಿ ನಾಲ್ಕು ಲಕ್ಷ ಟನ್ನಿಗೂ ಹೆಚ್ಚಿದ್ದುದು 1994ರ ಹೊತ್ತಿಗೆ ಐವತ್ತು ಸಾವಿರ ಟನ್ನಿಗಿಂತ ಕೆಳಗೆ ಬಿತ್ತು. ಯಂತ್ರದ ರಿಪೇರಿಗೂ ಹಣ ಬಿಡದಷ್ಟು ಹೀರಿದ್ದೇ ಕಾರಣ.

ಇನ್ನು ನಿಮ್ಮೂರು. ಜಿಲ್ಲೆ ದೇಶವಲ್ಲ, ಅದಕ್ಕೆ ಸ್ವಂತ ನಾಣ್ಯವೂ ಇಲ್ಲ, ರಾಜಧನದ ದರ ನಿಗದಿ ಮಾಡುವ ಅಧಿಕಾರವೂ ಇಲ್ಲ. ಆದರೆ 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ, ಜನ ಡಿಎಂಎಫ್ ಎನ್ನುವುದು, ಬಂದಿದೆ. ಕಬ್ಬಿಣದ ಅದಿರಿಗೆ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ. 15. ಹಳೆಯ ಗುತ್ತಿಗೆಯಾದರೆ ಆ ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ಶೇ. 10ರಷ್ಟು ಹಣವನ್ನು ಗಣಿಯವರು ಡಿಎಂಎಫ್‌ಗೆ ಬೇರೆಯಾಗಿ ಕಟ್ಟಬೇಕು. ಅಂದರೆ 100 ರೂಪಾಯಿ ಅದಿರಿಗೆ ಮೊದಲನೆಯದರಲ್ಲಿ 4 ರೂಪಾಯಿ 50 ಪೈಸೆ, ಎರಡನೆಯದರಲ್ಲಿ 1 ರೂಪಾಯಿ 50 ಪೈಸೆ. ಹರಾಜಿನ ಹೆಚ್ಚುವರಿ ಮೊತ್ತ ರಾಜ್ಯದ ಖಜಾನೆಗೆ ಹೋಗುತ್ತದೆ, ಜಿಲ್ಲೆಗೆ ಅಲ್ಲ. ಹಳೆಯ ಗುತ್ತಿಗೆಗಳು ಮುಗಿದು ಹರಾಜಿನವು ಬಂದಂತೆ ಟನ್ನಿನ ಲೆಕ್ಕದಲ್ಲಿ ನಿಮ್ಮ ಪಾಲು ಇಳಿಯುತ್ತದೆ ಎಂಬುದನ್ನು ಗಮನಿಸಿ.

ಗೆಳತಿ ಹೇಳುವ ಶಾಪದ ಮಾತಿಗೆ ಹತ್ತಿರದ ಸಾಕ್ಷಿ ಕೋಲಾರದ ಚಿನ್ನದ ಗಣಿ. 1880ರಲ್ಲಿ ಶುರುವಾಗಿ, 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು, 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದಾಗ ಕೆಲಸಕ್ಕಾಗಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಬೇಕಾಯಿತು. ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು. ನೂರಿಪ್ಪತ್ತು ವರ್ಷ ಚಿನ್ನ ತೆಗೆದ ಊರಿಗೆ ಆ ಚಿನ್ನದಿಂದ ಕಟ್ಟಿದ ಉಳಿತಾಯ ನಿಧಿಯೊಂದು ಇರಲಿಲ್ಲ.

ಡಿಎಂಎಫ್ ಹಣದಲ್ಲಿ ಹೆಚ್ಚಿನ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಕೆಲಸಗಳಿಗೇ ಹೋಗಬೇಕೆಂದು ನಿಯಮವಿದೆ. ಬಂದದ್ದೆಷ್ಟು, ಯಾವ ಕೆಲಸಕ್ಕೆ ಎಷ್ಟು ಎಂಬುದನ್ನು ಜಾಲತಾಣದಲ್ಲಿ ಪ್ರಕಟಿಸಬೇಕು, ಪ್ರತಿವರ್ಷ ಲೆಕ್ಕಪರಿಶೋಧನೆ ಆಗಬೇಕು. ಜೀವನೋಪಾಯಕ್ಕೆಂದು ಒಂದು ಪಾಲನ್ನು ಕಾಯಂ ನಿಧಿಯಾಗಿ ಇಡಬೇಕೆಂಬ ಮಾತೂ ಅದೇ ಮಾರ್ಗಸೂಚಿಯಲ್ಲಿದೆ. ಪುಲಾ ನಿಧಿಯ ಚಿಕ್ಕ ರೂಪ ಅದು. ನೀವು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇದನ್ನೇ ತೆಗೆದುಕೊಳ್ಳಿ. ಕಳೆದ ಐದು ವರ್ಷಗಳ ವಾರ್ಷಿಕ ವರದಿ ಇಳಿಸಿಕೊಂಡು ಮೂರು ಸಾಲು ಬರೆಯಿರಿ: ಬಂದದ್ದು, ಕಟ್ಟಡ ರಸ್ತೆಗಳಿಗೆ ಹೋದದ್ದು, ಗಣಿ ಮುಗಿದ ಮೇಲೂ ಅನ್ನ ಕೊಡುವ ಕಲಿಕೆ ಕಸುಬುಗಳಿಗೆ ಹೋದದ್ದು. ಕಾಯಂ ನಿಧಿಯಲ್ಲಿ ಎಷ್ಟಿದೆ ಎಂಬ ಅಂಕಿ ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.